"ಹಳೇ ಫಿಲ್ಟರಿನ ಬಾಯಾಗ ರಬ್ಬರ್ ಐತೇನ ನೋಡು"

ಭಾನುವಾರ ಬೆಳಗ್ಗೆ ಹತ್ತರ ಸುಮಾರಿಗೆ ಬಾಗಲಕೋಟೆಯಿಂದ ಅಳಿಯನ ಫೋನು. ಅಕ್ಕನ ಮಗ, ಡಿಪ್ಲೊಮಾ ಓದುತ್ತಾನೆ.

"ಮಾಮಾ, ಅವ್ವನ ಕಾರಿನ ಎಂಜಿನ್ ಎಣ್ಣಿ ನಾನ ಬದಲಿ ಮಾಡೀನಿ. ಚಾಲೂ ಮಾಡಿದ ಕೂಡ್ಲೇ ಕೆಳಗ ಪಿಚಕಾರಿ ಹೊಡದಂಗ ಎಣ್ಣಿ ಬರಾಕತ್ತೈತಿ."

"ಬಂದ್ ಮಾಡೀ ಇಲ್ಲೋ?"

"ಮಾಡೀನಿ."

"ಹಂಗಾರ ಗಾಬರಿ ಬ್ಯಾಡ. ಹಳೇ ಫಿಲ್ಟರ್ ಕೈಯಾಗ ತಗೋ. ಅದರ ಬಾಯಾಗ ರಬ್ಬರ್ ಐತೇನ ನೋಡು."

ಸ್ವಲ್ಪ ಹೊತ್ತು ಸುಮ್ಮನಾದ. "ಇಲ್ಲ ಮಾಮಾ. ರಿಂಗ್ ಕುಂದ್ರೋ ಜಾಗಾ ಖಾಲಿ ಐತಿ."

ಅಲ್ಲಿಗೆ ರೋಗ ಸಿಕ್ಕಿತು. ಎಣ್ಣೆ ಸೋಸುವ ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಬಿಸಿಗೆ ಬೆಂದು, ಕಪ್ಪಾಗಿ, ಲೋಹದ ಜೊತೆ ಒಂದಾಗಿ ಕೂತಿರುತ್ತದೆ. ಕೆಳಗೆ ಮಲಗಿ ನೋಡುವವನಿಗೆ ಅದು ಎಂಜಿನ್ನಿನದೇ ಭಾಗ ಅನ್ನಿಸುತ್ತದೆ. ಅದರ ಮೇಲೆ ಹೊಸ ಫಿಲ್ಟರ್, ಹೊಸ ರಿಂಗ್. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಕೈಗೆ ಬಿಗಿ ಸಿಗುತ್ತದೆ, ಆದರೆ ಎಣ್ಣೆಯ ಒತ್ತಡ ಏರಿದ ಕೂಡಲೇ ಒಂದು ಜಾರುತ್ತದೆ. ಅಳಿಯ ಎದುರಿಗೇ ಇದ್ದು ಸೋರಿದ್ದನ್ನು ನೋಡಿದ, ಅದು ಪುಣ್ಯ. ಕೆಲವೊಮ್ಮೆ ಈ ರಿಂಗ್ ಮನೆಯಲ್ಲಿ ಜಾರುವುದಿಲ್ಲ. ಗಾಡಿ ಹೈವೇಗೆ ಹತ್ತಿದ ಮೇಲೆ ಜಾರುತ್ತದೆ.

ವಿಜಯಪುರದಲ್ಲಿ ನನ್ನ ಗ್ಯಾರೇಜು ಶುರುವಾಗಿ 22 ವರ್ಷ. "ಎಣ್ಣಿ ಮನ್ಯಾಗ ಬದಲಿ ಮಾಡಬಹುದೇನ್ರೀ?" ಅಂತ ಕೇಳುವವರು ಈಗ ಜಾಸ್ತಿ. ಮಾಡಬಹುದು. ಗಾಡಿ ವಾರಂಟಿಯಲ್ಲಿದ್ದರೆ ಮಾತ್ರ ಕೈ ಹಾಕಬೇಡಿ, ಪುಸ್ತಕದಲ್ಲಿ ಸರ್ವಿಸ್ ಸೀಲು ಬೀಳುತ್ತಿರಲಿ. ಉಳಿದಂತೆ ಕೆಲಸ ಸಣ್ಣದು. ಆದರೆ ಸ್ವಂತ ಗಾಡಿಗೂ ಅವ್ವನ, ಅಣ್ಣನ ಗಾಡಿಗೂ ಒಂದು ವ್ಯತ್ಯಾಸ ಇದೆ. ನಿಮ್ಮ ಗಾಡಿಯಾದರೆ ಸಣ್ಣ ಸದ್ದು ಬಂದರೂ ನಿಮಗೆ ಅನುಮಾನ ಬರುತ್ತದೆ, ಏಕೆಂದರೆ ಬೋಲ್ಟು ಬಿಚ್ಚಿದ್ದು ನೀವೇ. ಅಕ್ಕನಿಗೆ ಅದೆಲ್ಲ ಗೊತ್ತಿಲ್ಲ. ಮಗ ಮಾಡಿದ್ದಾನೆ ಅಂದರೆ ಸರಿ ಮಾಡಿರುತ್ತಾನೆ ಅಂತ ಕೀಲಿ ತಿರುಗಿಸಿ ಶಾಲೆಗೆ ಹೊರಡುತ್ತಾಳೆ. ಅದಕ್ಕೇ ಮನೆಮಂದಿಯ ಗಾಡಿಗೆ ಒಂದು ಕಣ್ಣು ಜಾಸ್ತಿ ಬೇಕು.

ಮೊದಲು ಎಣ್ಣೆಯ ಮಾತು. ನಮ್ಮ ಕಡೆ ಹೊಲಮನೆ ಇರುವವರಲ್ಲಿ ಟ್ರ್ಯಾಕ್ಟರಿಗೆ ತಂದ ಎಣ್ಣೆ ಅರ್ಧ ಕ್ಯಾನ್ ಉಳಿದೇ ಇರುತ್ತದೆ. "ಎಣ್ಣಿ ಎಣ್ಣೀನ ಅಲ್ರೀ?" ಅಂತ ಅದನ್ನೇ ತಂಗಿಯ ಪೆಟ್ರೋಲ್ ಕಾರಿಗೆ ಸುರಿದವರನ್ನು ನೋಡಿದ್ದೇನೆ. ಟ್ರ್ಯಾಕ್ಟರಿನದು ಸಾಮಾನ್ಯವಾಗಿ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಡೀಸೆಲ್ ಎಣ್ಣೆ. ಅಕ್ಕನದು ಹಳೆಯ ವ್ಯಾಗನ್ ಆರ್, ಅದರ ಪುಸ್ತಕ ಕೇಳುವುದು 5ಡಬ್ಲ್ಯೂ-30. ಇವತ್ತಿನ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಎಣ್ಣೆ ಹರಿಯುವ ದಾರಿಗಳು ಕಿರಿದು. ದಪ್ಪ ಎಣ್ಣೆ ಬೆಳಗ್ಗೆ ಮೇಲೆ ತಲುಪಲು ತಡ ಮಾಡುತ್ತದೆ, ಮೈಲೇಜೂ ಇಳಿಯುತ್ತದೆ. ಡೀಸೆಲ್ ಎಣ್ಣೆಯಲ್ಲಿರುವ ಕೆಲವು ರಾಸಾಯನಿಕಗಳು ಹೊಗೆ ಕೊಳವೆಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಒಳ್ಳೆಯವಲ್ಲ.

ಇನ್ನೊಂದು ಮಾತು ಪ್ರತಿ ಏಪ್ರಿಲ್‌ನಲ್ಲಿ ಕೇಳುತ್ತೇನೆ: "ನಮ್ಮ ಬಿಜಾಪುರದ ಬಿಸಲಿಗೆ ದಪ್ಪ ಎಣ್ಣಿನ ಹಾಕ್ರಿ." ಬಿಸಿಲು 42 ಡಿಗ್ರಿ ಇರಲಿ, 25 ಇರಲಿ, ಬಿಸಿಯಾದ ಎಂಜಿನ್ನಿನ ನೀರನ್ನು ಥರ್ಮೋಸ್ಟಾಟ್ 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡಲು ನೋಡುತ್ತದೆ. ಡಬ್ಬಿಯ ಮೇಲಿನ ಎರಡನೇ ಅಂಕಿ, ಅಂದರೆ 30 ಅಥವಾ 40, ಎಣ್ಣೆ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದರ ಲೆಕ್ಕ. ಡಬ್ಲ್ಯೂಗಿಂತ ಮುಂಚಿನ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಹಾಗಾಗಿ ಊರಿನ ಬಿಸಿಲು ನೋಡಿ ಎಣ್ಣೆ ಆರಿಸಬೇಡಿ, ಗಾಡಿಯ ಪುಸ್ತಕ ನೋಡಿ. ಹಳೆ ಪುಸ್ತಕಗಳಲ್ಲಿ ಯಾವ ಹವೆಗೆ ಯಾವ ಎಣ್ಣೆ ಅನ್ನುವ ಪಟ್ಟಿಯೂ ಇರುತ್ತದೆ. ಬಿಎಸ್ 6 ಡೀಸೆಲ್ ಗಾಡಿಯಾದರೆ ಇನ್ನೂ ಹುಷಾರು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು.

ನಿಜವಾಗಿ ನಮ್ಮ ಕಡೆ ಎಣ್ಣೆಗೆ ಕಾಟ ಕೊಡುವುದು ಬಿಸಿಲಿಗಿಂತ ಧೂಳು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರುಗಳ ಹಿಂದೆ ಗಾಡಿ ಓಡಿಸಿದವರಿಗೆ ಇದನ್ನು ಹೇಳಬೇಕಿಲ್ಲ. ಎಣ್ಣೆ ಬದಲಿಸುವ ದಿನವೇ ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ ನೋಡಿ. ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇದ್ದರೆ, ಧೂಳಿನಲ್ಲಿ ಓಡುವ ಗಾಡಿಗೆ ಅದಕ್ಕೂ ಮೊದಲೇ ಮಾಡಿ. ಅಕ್ಕನದು ಮನೆಯಿಂದ ಶಾಲೆ, ಶಾಲೆಯಿಂದ ಮನೆ. ವರ್ಷಕ್ಕೆ ನಾಲ್ಕು ಸಾವಿರ ಓಡಿದರೆ ಜಾಸ್ತಿ. "ಇನ್ನಾ ಓಡೇ ಇಲ್ಲಲ್ಲೋ" ಅಂತಾಳೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಆದರೆ ಹಸಿಯೂ ಪೆಟ್ರೋಲೂ ಎಣ್ಣೆಯಲ್ಲೇ ಉಳಿಯುತ್ತವೆ. ಅದಕ್ಕೇ ಆ ವರ್ಷದ ಲೆಕ್ಕ.

ಈಗ ಕೆಳಗೆ ಹೋಗುವ ಮಾತು. ಇದರಲ್ಲಿ ನನಗೆ ತಮಾಷೆ ಇಲ್ಲ. ಗಾಡಿಯ ಜೊತೆ ಬಂದ ಜ್ಯಾಕ್ ಗಾಲಿ ಬದಲಿಸಲು ಇರುವುದು. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಸಿಮೆಂಟ್ ಇಟ್ಟಿಗೆ ಪೇರಿಸುವುದೂ ಬೇಡ, ಅದು ಹೇಳದೇ ಕೇಳದೇ ಪುಡಿಯಾಗುತ್ತದೆ. ಸಪಾಟು ಗಟ್ಟಿ ನೆಲ, ಹಿಂದಿನ ಗಾಲಿಗೆ ಕಲ್ಲು, ಹ್ಯಾಂಡ್ ಬ್ರೇಕು, ಗಾಡಿಯ ಭಾರ ಹೊತ್ತು ನಿಲ್ಲುವ ಎರಡು ಜ್ಯಾಕ್ ಸ್ಟ್ಯಾಂಡು. ಸ್ಟ್ಯಾಂಡ್ ಇಲ್ಲ ಅಂದರೆ ಪಿಟ್ ಇರುವ ಪರಿಚಯದ ಗ್ಯಾರೇಜಿಗೆ ಹೋಗಿ, "ನಾನ ಮಾಡ್ತೀನ್ರೀ, ಜಾಗಾ ಕೊಡ್ರಿ" ಅನ್ನಿ. ನಾನಂತೂ ಕೊಡುತ್ತೇನೆ. ಮನೆಯಲ್ಲಿ ಮಾಡಿದರೆ ಇನ್ನೊಬ್ಬರು ಹತ್ತಿರ ಇರಲಿ.

ಎಂಜಿನ್ನನ್ನು ಐದು ನಿಮಿಷ ಓಡಿಸಿ ಬಂದ್ ಮಾಡಿ. ಎಣ್ಣೆ ಉಗುರುಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಕುದಿಯುತ್ತಿದ್ದರೆ ಮುಂಗೈ ಸುಡುತ್ತದೆ.

ಕೆಳಗೆ ಎರಡು ಬೋಲ್ಟ್ ಕಾಣುತ್ತವೆ. ಒಂದು ಎಂಜಿನ್ನಿನ ಎಣ್ಣೆ ನಿಲ್ಲುವ ಚೇಂಬರಿನದು, ಬಿಚ್ಚಬೇಕಾದದ್ದು ಅದೇ. ಇನ್ನೊಂದು ಗೇರ್‌ಬಾಕ್ಸಿನದು. ಹೊಸಬರು ಎರಡನೆಯದನ್ನು ಬಿಚ್ಚಿ ಗೇರ್ ಎಣ್ಣೆ ಇಳಿಸಿ, ಮೇಲಿನಿಂದ ಎಂಜಿನ್ನಿಗೆ ಹೊಸ ಎಣ್ಣೆ ಸುರಿಯುತ್ತಾರೆ. ಆಗ ಎಂಜಿನ್ನಿನಲ್ಲಿ ಎರಡು ಪಟ್ಟು ಎಣ್ಣೆ, ಗೇರ್‌ಬಾಕ್ಸ್ ಒಣ. ಹೀಗೆ ಎಳೆಸಿಕೊಂಡು ಬಂದ ಗಾಡಿಗಳನ್ನು ರಿಪೇರಿ ಮಾಡಿದ್ದೇನೆ. ಇಳಿಯುವ ಎಣ್ಣೆ ಕಪ್ಪಾಗಿರದೆ ಕಂದುಹಳದಿ ಇದ್ದು, ಘಾಟು ವಾಸನೆ ಹೊಡೆದರೆ ಅಲ್ಲೇ ನಿಲ್ಲಿಸಿ.

ಬಿಗಿ ಮಾಡುವಾಗ ಜೋರು ಬೇಡ. ಇದನ್ನು ನಾನು ಕಾಕಾನ ಕಾರಿನಲ್ಲಿ ಕಲಿತೆ. ಆಗ ನನಗೆ ಹತ್ತೊಂಬತ್ತು, ಮೈಯಲ್ಲಿ ಕಸುವು. ಎಣ್ಣೆ ಸೋರಬಾರದು ಅಂತ ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಪೈಪ್ ಸಿಗಿಸಿ ತಿರುಗಿಸಿದೆ. ಒಮ್ಮೆ ಗಟ್ಟಿಯಾಯಿತು. ಆಮೇಲೆ ಬೆಣ್ಣೆಯಲ್ಲಿ ಕೈ ಹೋದ ಹಾಗೆ ಮೆತ್ತಗಾಯಿತು. ಆ ಮೆತ್ತಗಾಗುವುದು ಗೊತ್ತಾದವರಿಗೆ ಮಾತ್ರ ಗೊತ್ತು, ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಚೇಂಬರ್ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಥ್ರೆಡ್ ಪೂರ್ತಿ ಕಿತ್ತು ಬಂದಿತ್ತು. ಚೇಂಬರ್ ಇಳಿಸಿ ಲೇತ್ ಅಂಗಡಿಗೆ ಒಯ್ದು ಹೊಸ ಥ್ರೆಡ್ ಹಾಕಿಸುವವರೆಗೆ ಕಾಕಾ ನಾಲ್ಕು ದಿನ ಬಸ್ಸಿನಲ್ಲಿ ತಿರುಗಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹಲವು ಸಣ್ಣ ಮಾರುತಿ ಕಾರುಗಳಲ್ಲಿ ಈ ಬೋಲ್ಟಿಗೆ ಹೇಳಿರುವ ಬಿಗಿ ಸುಮಾರು 35 ನ್ಯೂಟನ್ ಮೀಟರ್. ಅಂದರೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯನ್ನು 18 ಕೆಜಿಯಷ್ಟು ತೂಕದಿಂದ ಒತ್ತಿದಷ್ಟು. ಮೊದಲು ಬೆರಳಿನಿಂದಲೇ ಬೋಲ್ಟು ಪೂರ್ತಿ ಒಳಗೆ ಹೋಗಬೇಕು. ಆಮೇಲೆ ಪಾನಾ. ಸೋರದಂತೆ ತಡೆಯುವುದು ನಿಮ್ಮ ರಟ್ಟೆಯಲ್ಲ, ಬೋಲ್ಟಿನ ಕೆಳಗಿನ ವಾಷರ್. ಅದನ್ನು ಪ್ರತಿ ಸಲ ಹೊಸದು ಹಾಕಿ, ದುಬಾರಿಯದೇನಲ್ಲ. ಮಲಗಿ ನೋಡುವಾಗ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಅನ್ನುವುದು ಎಲ್ಲರಿಗೂ ಗಲಿಬಿಲಿ ಆಗುತ್ತದೆ. ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ನೇರ ಇದೆ ಅಂದುಕೊಳ್ಳಿ, ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ.

ಫಿಲ್ಟರಿಗೂ ಇದೇ ನ್ಯಾಯ. ಬಿಚ್ಚಿದ ಕೂಡಲೇ ಹಳೆಯದರ ಬಾಯಿ ನೋಡಿ, ರಿಂಗ್ ಅಲ್ಲೇ ಇರಬೇಕು. ಎಂಜಿನ್ ಕಡೆಯ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳು ಆಡಿಸಿ. ಹೊಸ ರಿಂಗಿಗೆ ಹೊಸ ಎಣ್ಣೆ ಸವರಿ. ರಬ್ಬರ್ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಕೈಯಿಂದಲೇ ಮುಕ್ಕಾಲು ಸುತ್ತು. ಎಷ್ಟು ತಿರುಗಿಸಬೇಕೆಂದು ಬಹಳಷ್ಟು ಫಿಲ್ಟರಿನ ಮೈಮೇಲೇ ಬರೆದಿರುತ್ತದೆ. ಪಾನಾ ಬೇಡ.

ಎಣ್ಣೆ ಅಳತೆ ಪುಸ್ತಕದಲ್ಲಿದೆ, ಸಣ್ಣ ಕಾರುಗಳಲ್ಲಿ ಫಿಲ್ಟರ್ ಸೇರಿ 3 ಲೀಟರಿನ ಆಸುಪಾಸು. ಒಮ್ಮೆಗೇ ಕ್ಯಾನ್ ಬೋರಲು ಹಾಕಬೇಡಿ. ಮುಕ್ಕಾಲು ಪಾಲು ಹಾಕಿ, ಗೇಜ್ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿ) ನೋಡಿ, ಮತ್ತೆ ಹಾಕಿ. ಚಾಲೂ ಮಾಡಿದರೆ ಕೆಂಪು ಎಣ್ಣೆ ದೀಪ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಒಂದು ನಿಮಿಷ ಓಡಲಿ, ಆ ಹೊತ್ತಿಗೆ ಬಗ್ಗಿ ಟಾರ್ಚ್ ಹಾಕಿ ಫಿಲ್ಟರ್ ನೋಡಿ. ಬಂದ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಗೇಜ್. ಮೇಲಿನ ಗುರುತು ದಾಟಬಾರದು. ಎಣ್ಣೆ ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ನೊರೆ ಬೇರಿಂಗುಗಳನ್ನು ಕಾಯುವುದಿಲ್ಲ.

ಇದಿಷ್ಟೂ ಆದ ಮೇಲೆ ಮನೆಮಂದಿಯ ಗಾಡಿಗೆ ಮೂರು ಕೆಲಸ ಬಾಕಿ. ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿ, ಬೆಳಗ್ಗೆ ಗಾಡಿ ತೆಗೆಯುವ ಮೊದಲು ನೋಡುವುದು. ತಾರೀಖು, ಕಿಲೋಮೀಟರ್, ಎಣ್ಣೆಯ ನಂಬರ್ ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸುವುದು. ಮೂರನೆಯದು, ಓಡಿಸುವವರಿಗೆ ಕೆಂಪು ದೀಪ ತೋರಿಸಿ, "ಇದು ಹತ್ತಿದರ ಮುಂದಿನ ಬಂಕ್ ತನಾನೂ ಹೋಗಬ್ಯಾಡ, ಅಲ್ಲೇ ಬಾಜೂಕ ನಿಲ್ಲಿಸಿ ಬಂದ್ ಮಾಡು" ಅಂತ ಹೇಳುವುದು. ಆ ದೀಪ ಎಣ್ಣೆ ಕಡಿಮೆ ಇದೆ ಅನ್ನುವುದಲ್ಲ, ಎಣ್ಣೆಯ ಒತ್ತಡವೇ ಕುಸಿದಿದೆ ಅನ್ನುವುದು. ಅದು ಹತ್ತಿದ ಮೇಲೆ ಎಂಜಿನ್ನಿಗೆ ಸಮಯ ಬಹಳ ಇರುವುದಿಲ್ಲ.

ಉಳಿದದ್ದು ಇಳಿಸಿದ ಕಪ್ಪು ಎಣ್ಣೆ. ಹಿಂದೆ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಊರು ನಮ್ಮದು, ಎಣ್ಣೆ ಚೆಲ್ಲಲು ಯಾರಿಗೂ ಮನಸ್ಸಿಲ್ಲ. ಗೆದ್ದಲಿಗೆ ಅಂತ ಪಾಯದ ಸುತ್ತ ಸುರಿಯುವವರಿದ್ದಾರೆ. ಗಟಾರಕ್ಕೆ ಬಿಡುವವರೂ ಇದ್ದಾರೆ. ಆ ಎಣ್ಣೆಯಲ್ಲಿ ಸವೆದ ಲೋಹ, ಸುಟ್ಟ ಮಸಿ ಎಲ್ಲ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಬಾಗಲಕೋಟೆಯ ಮಗ್ಗುಲಲ್ಲೇ ಆಲಮಟ್ಟಿಯ ಹಿನ್ನೀರು ನಿಂತಿದೆ. ಹೊಸ ಎಣ್ಣೆ ಬಂದ ಕ್ಯಾನಿನಲ್ಲೇ ತುಂಬಿ, ಮುಚ್ಚಳ ಹಾಕಿ, ಹಳೇ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡಿ. ನಾವು ಡ್ರಮ್ಮಿನಲ್ಲಿ ಕೂಡಿಟ್ಟು, ಶುದ್ಧೀಕರಿಸಲು ಒಯ್ಯುವವರಿಗೆ ಕೊಡುತ್ತೇವೆ.

ಅಳಿಯ ಆ ದಿನ ಎಂಜಿನ್ನಿಗೆ ಅಂಟಿದ್ದ ರಿಂಗನ್ನು ಉಗುರಿನಿಂದ ಕೆರೆದು ತೆಗೆದು, ಫಿಲ್ಟರ್ ಮತ್ತೆ ಕೂಡಿಸಿದ. ಕಡಿಮೆಯಾದಷ್ಟು ಎಣ್ಣೆ ತಂದು ಹಾಕಿದ. ಸೋರುವುದು ನಿಂತಿತು. ಸಂಜೆ ಅಕ್ಕನ ಫೋನು ಬಂತು. ಗಾಡಿಯ ಸುದ್ದಿ ಅಲ್ಲ. ಎಣ್ಣೆ ಹಿಡಿಯಲು ಇವನು ಅಡುಗೆಮನೆಯಿಂದ ಒಯ್ದದ್ದು ರೊಟ್ಟಿ ಹಿಟ್ಟು ನಾದುವ ಪರಾತ. ಮೂರು ಲೀಟರ್ ಹಿಡಿದು ಎತ್ತಿದಾಗ ಅರ್ಧ ಅಂಗಳಕ್ಕೆ.

"ಅಂಗಳಕ್ಕ ಉಸುಕು ಹಾಕೀನಿ. ಪರಾತ ಏನ ಮಾಡ್ಲಿ? ಸೋಪಿನ ಪುಡಿ ಹಾಕಿ ತಿಕ್ಕಿದ್ರ ನಡೀತೈತೇನು?"

"ಇಲ್ಲಕ್ಕ. ಅದನ್ನ ಅವನಿಗೇ ಕೊಟ್ಟಬಿಡು, ಗಾಡಿ ಕೆಲಸಕ್ಕ. ಮುಂದಿನ ಸಲಕ್ಕ ಹಳೇ ಐದು ಲೀಟರ್ ಕ್ಯಾನು ಅಡ್ಡ ಕೊಯ್ದ ಇಡಾಕ ಹೇಳು."

"ಮತ್ತ ನನಗ ರೊಟ್ಟಿಗೆ?"

ಬರುವ ಭಾನುವಾರ ಹೋಗುತ್ತಿದ್ದೇನೆ. ಹೋಗುವಾಗ ಹೊಸ ಪರಾತ, ದಾರಿಯಲ್ಲಿ ಕೊಲ್ಹಾರದ ಮೊಸರು. ಬರುವಾಗ ಹಳೇ ಎಣ್ಣೆಯ ಕ್ಯಾನು.