ಬ್ಲಾಂಡ್ ಏಲ್: ಸಪ್ಪೆಯೋ, ಸ್ವಚ್ಛವೋ?

ಫ್ರಿಜ್‌ನಿಂದ ಆಗಷ್ಟೇ ತೆಗೆದ ಬ್ಲಾಂಡ್ ಏಲ್ ಎಂಬ ತಿಳಿಬಣ್ಣದ ಬಿಯರನ್ನು ಗ್ಲಾಸಿಗೆ ಸುರಿದು ಮೂಗಿಗೆ ಹಿಡಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. 3–4 ಡಿಗ್ರಿ ಸೆಲ್ಸಿಯಸ್‌ ತಂಪಿನಲ್ಲಿ ವಾಸನೆಯ ಅಣುಗಳು ಬಿಯರ್ ಬಿಟ್ಟು ಮೇಲೇಳಲು ಹಿಂದೇಟು ಹಾಕುತ್ತವೆ. ಬಾಯಾರಿದವರಿಗೆ ಅಷ್ಟು ಸಾಕು; ಬಿಯರನ್ನು ತೂಗಿ ನೋಡಬೇಕಾದವರಿಗೆ ಸಾಲದು. ಅದೇ ಗ್ಲಾಸನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟು, 8–10 ಡಿಗ್ರಿಗೆ ಬಂದ ಮೇಲೆ ಮತ್ತೆ ಮೂಸಿದರೆ ಹೊಸ ಬ್ರೆಡ್ಡಿನ ತಿರುಳನ್ನು ನೆನಪಿಸುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ವಾಸನೆ, ಅದರ ಬೆನ್ನಿಗೇ ಹೂವಿನದೋ ನಿಂಬೆ ಸಿಪ್ಪೆಯದೋ ಎನ್ನುವಂಥ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ) ಘಮ ಸಣ್ಣಗೆ ಏಳುತ್ತದೆ. ಇಲ್ಲವೇ ಬೇಯಿಸಿದ ಮುಸುಕಿನ ಜೋಳದ ವಾಸನೆ ಬರುತ್ತದೆ. ಹಾಗೆ ಬಂದರೆ ತಯಾರಿಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಬ್ಲಾಂಡ್ ಏಲ್ ಅಮೆರಿಕದ ಕ್ರಾಫ್ಟ್ ಬ್ರೂವರಿಗಳು (ಸಣ್ಣ ಬಿಯರ್ ತಯಾರಕರು) ಬೆಳೆಸಿದ ಶೈಲಿ. ತಂಪಿನಲ್ಲಿ ಹುದುಗುವ ತಿಳಿ ಲಾಗರ್‌ಗೆ ಒಗ್ಗಿಹೋದ ಬಾಯಿಯನ್ನು ಬೆಚ್ಚಗೆ ಹುದುಗುವ ಏಲ್ ಕಡೆಗೆ ತಿರುಗಿಸಲು ಸುಲಭದ ಮೆಟ್ಟಿಲು ಬೇಕಿತ್ತು, ಇದು ಸಿಕ್ಕಿತು. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಅರ್ಹತೆ ಕೊಡುವ, 1985ರಲ್ಲಿ ಶುರುವಾದ ಬಿಜೆಸಿಪಿ ಸಂಸ್ಥೆಯ ಕೈಪಿಡಿಯ ಪ್ರಕಾರ ಇದರ ಆಲ್ಕೊಹಾಲ್ ಶೇ. 3.8ರಿಂದ 5.5, ಕಹಿ 15ರಿಂದ 28 ಐಬಿಯು. ಒಂದು ಐಬಿಯು ಎಂದರೆ, ಸುಮಾರಾಗಿ, ಲೀಟರಿಗೆ ಒಂದು ಮಿಲಿಗ್ರಾಂ ಹಾಪ್ಸ್ ಕಹಿ. ನೀರಿನದು 1.000 ಎಂದಿಟ್ಟುಕೊಂಡರೆ, ಹುದುಗುವ ಮುಂಚೆ ಸಾಂದ್ರತೆ 1.038–1.054, ಹುದುಗಿದ ಮೇಲೆ 1.008–1.013. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೊಹಾಲ್ ಅಂದಾಜು ಸಿಗುತ್ತದೆ: 1.046ರಲ್ಲಿ ಶುರುವಾಗಿ 1.010ರಲ್ಲಿ ನಿಂತ ಬಿಯರ್ ಶೇ. 4.7. ಬೆಲ್ಜಿಯಂನ ಬ್ಲಾಂಡ್ ಬೇರೆಯದೇ ಜಾತಿ, ಅದು ಶೇ. 6ರಿಂದ 7.5ರಷ್ಟು ಗಟ್ಟಿ, ಯೀಸ್ಟಿನ ಮಸಾಲೆ ವಾಸನೆ ಅಲ್ಲಿ ಗುಣವೇ. ಇಲ್ಲಿ ಲವಂಗದ ವಾಸನೆ ಬಂದರೆ ದೋಷ. ಹೆಸರು ನೋಡಿ ಮೋಸಹೋಗಬಾರದು.

ಈ ಬಿಯರನ್ನು ಮಾಡುವುದು ಸುಲಭ ಎಂದುಕೊಂಡವರೇ ಹೆಚ್ಚು. ಪದಾರ್ಥಗಳ ಪಟ್ಟಿ ನೋಡಿದರೆ ಹಾಗನ್ನಿಸುವುದು ಸಹಜ: 20 ಲೀಟರಿಗೆ 4 ಕಿಲೋ ತಿಳಿಬಣ್ಣದ ಬಾರ್ಲಿ ಮಾಲ್ಟ್, 65–66 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆ, ಶೇ. 5ರ ಆಲ್ಫಾ ಆಮ್ಲ (ಕುದಿಸಿದಾಗ ಕಹಿ ಕೊಡುವ ಅಂಶ) ಇರುವ ಹಾಪ್ಸ್ 30 ಗ್ರಾಂ ಹಾಕಿ ಒಂದು ಗಂಟೆ ಕುದಿ. ತಟಸ್ಥ (ತನ್ನದೇ ವಾಸನೆ ಹೆಚ್ಚು ಬಿಡದ) ಏಲ್ ಯೀಸ್ಟ್, 18 ಡಿಗ್ರಿಯಲ್ಲಿ ಹುದುಗು. ಕಹಿ 18 ಐಬಿಯು ಆಸುಪಾಸು ನಿಲ್ಲುತ್ತದೆ. ತೊಡಕು ಇರುವುದು ಈ ಸರಳತೆಯಲ್ಲೇ. ಕಪ್ಪು ಬಣ್ಣದ ಸ್ಟೌಟ್‌ನಲ್ಲಿ ಹುರಿದ ಧಾನ್ಯದ ಕಹಿ, ಐಪಿಎ ಎಂಬ ಕಹಿ ಏಲ್‌ನಲ್ಲಿ ಹಾಪ್ಸ್ ಅಬ್ಬರ ಸಣ್ಣಪುಟ್ಟ ತಪ್ಪುಗಳನ್ನು ನುಂಗಿಹಾಕುತ್ತವೆ. ಬ್ಲಾಂಡ್ ಏಲ್‌ಗೆ ಅಂಥ ಹೊದಿಕೆ ಇಲ್ಲ. ಬೆಣ್ಣೆ ವಾಸನೆಯ ಡೈಅಸಿಟೈಲ್ ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೂ ಇಂಥ ತಿಳಿ ಬಿಯರಿನಲ್ಲಿ ಮೂಗಿಗೆ ಬಡಿಯುತ್ತದೆ.

ರುಚಿ ನೋಡುವ ಕೆಲಸ ಗ್ಲಾಸಿನಿಂದ ಶುರು. ಬಿಯರ್ ತುಂಬಿದ ಮೇಲೆ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ಅಲ್ಲಿ ಜಿಡ್ಡೋ ಸೋಪೋ ಉಳಿದಿದೆ. ನೊರೆಯನ್ನು ಹಿಡಿದು ನಿಲ್ಲಿಸುವುದು ಮಾಲ್ಟಿನ ಪ್ರೋಟೀನ್ ಮತ್ತು ಹಾಪ್ಸ್‌ನ ಕಹಿ ಆಮ್ಲಗಳು ಸೇರಿ ಹೆಣೆದ ತೆಳು ಪೊರೆ. ಕೊಬ್ಬು ತಾಗಿದರೆ ಆ ಪೊರೆ ಹರಿದುಹೋಗುತ್ತದೆ. ಕರಿದ ತಿಂಡಿ ತಿಂದ ತುಟಿ, ಲಿಪ್‌ಸ್ಟಿಕ್ ಕೂಡ ಅಷ್ಟೇ ಕೆಲಸ ಮಾಡುತ್ತವೆ. ಹಾಗಾಗಿ ನೊರೆ ನಿಲ್ಲಲಿಲ್ಲ ಎಂದು ಬಿಯರನ್ನು ಬೈಯುವ ಮುಂಚೆ ಗ್ಲಾಸನ್ನು ಜಿಡ್ಡು ಹೋಗುವಂತೆ ತೊಳೆದು, ಸೋಪು ಉಳಿಯದಂತೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಮತ್ತೊಮ್ಮೆ ಸುರಿದು ನೋಡಬೇಕು. ಚೊಕ್ಕ ಗ್ಲಾಸಿನಲ್ಲಿ ಪ್ರತಿ ಗುಟುಕಿನ ಗುರುತಾಗಿ ನೊರೆಯ ಒಂದೊಂದು ಉಂಗುರ ಉಳಿಯುತ್ತದೆ.

300 ಮಿಲಿಲೀಟರಿನ ಗ್ಲಾಸಿಗೆ 100 ಮಿಲಿಲೀಟರ್ ಸಾಕು. ಮೇಲೆ ವಾಸನೆ ನಿಲ್ಲಲು ಜಾಗ ಬೇಕು. ಓರೆಯಾಗಿ ಹಿಡಿದು ಸುರಿಯಲು ಶುರುಮಾಡಿ, ಅರ್ಧದಲ್ಲಿ ನೆಟ್ಟಗೆ ಮಾಡಿದರೆ ಎರಡು ಬೆರಳು ನೊರೆ ಬರುತ್ತದೆ. ಸುರಿದ ತಕ್ಷಣವೇ ಮೂಸಬೇಕು, ಬಣ್ಣ ಆಮೇಲೆ. ಗಂಧಕದಂಥ ವಾಸನೆಗಳು ಬೇಗ ಹಾರಿಹೋಗುತ್ತವೆ. ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಉದ್ದಕ್ಕೆ ಎಳೆಯದೆ ಎರಡು ಮೂರು ಸಣ್ಣ ಮೂಸು. ಮೂಗು ಒಂದೇ ವಾಸನೆಗೆ ಬಲು ಬೇಗ ಒಗ್ಗಿಬಿಡುವುದರಿಂದ ನಡುವೆ ಗ್ಲಾಸನ್ನು ದೂರವಿಟ್ಟು, ಮೊದಲು ಹೊಳೆದ ಮಾತನ್ನು ಬರೆದಿಡುವುದು ಒಳ್ಳೆಯದು. ಪಕ್ಕದವರು "ಸೇಬಿನ ವಾಸನೆ" ಎಂದರೆ ಮುಗಿಯಿತು, ಮಿಕ್ಕವರಿಗೂ ಸೇಬೇ ಬರತೊಡಗುತ್ತದೆ. ಬರೆದು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು ಎಂಬ ನಿಯಮ ಅದಕ್ಕಾಗಿಯೇ.

ಕುಡಿಯುವಾಗ ಉಗುಳುವ ಅಭ್ಯಾಸ ಬಿಯರಿಗೆ ಹೊಂದುವುದಿಲ್ಲ. ನುಂಗಿ ಉಸಿರು ಬಿಟ್ಟಾಗ ಗಂಟಲಿನ ಹಿಂದಿನಿಂದ ಮೂಗಿಗೇರುವ ಗಾಳಿಯಲ್ಲಿ ರುಚಿಯ ದೊಡ್ಡ ಪಾಲು ಇದೆ. ಕಹಿಯೂ ತಡವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. (ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂದು ತೋರಿಸುವ ಹಳೆಯ ನಕ್ಷೆ ತಪ್ಪು, ರುಚಿಮೊಗ್ಗು ಇರುವಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ.) ಮೊದಲ ಗುಟುಕನ್ನು ನಂಬುವಂತಿಲ್ಲ. ತೀರ್ಪು ಮೂರನೆಯ, ನಾಲ್ಕನೆಯ ಗುಟುಕಿನದು. "ಸಲೀಸಾಗಿ ಕುಡಿಯಬಹುದು" ಎನ್ನುವುದು ಅಲ್ಲಿ ನಿಜವಾಗುತ್ತದೆ ಅಥವಾ ಸುಳ್ಳಾಗುತ್ತದೆ. ಬಾಯಿ ಅಂಟಂಟಾಗುತ್ತಿದೆಯೇ? ಧಾನ್ಯ ನೆನೆಸಿದ ನೀರು 69–70 ಡಿಗ್ರಿಗೆ ಏರಿ ಯೀಸ್ಟಿಗೆ ತಿನ್ನಲಾಗದ ಸಕ್ಕರೆ ಉಳಿದಿರಬಹುದು, ಇಲ್ಲವೇ ಯೀಸ್ಟ್ ಅರ್ಧದಲ್ಲೇ ಕೈಬಿಟ್ಟಿರಬಹುದು. ನಾಲಿಗೆ ಒಣಗಿ ಹಿಡಿದಂತಾಗುತ್ತಿದೆಯೇ? ಅದು ಒಗರು, ಕಹಿಯಲ್ಲ. ಧಾನ್ಯದ ಮೇಲೆ ಎರಡನೆಯ ಸಲ ಹಾಯಿಸುವ ನೀರು 77 ಡಿಗ್ರಿ ದಾಟಿದರೆ, ಅಥವಾ ಕೊನೆಕೊನೆಗೆ ಅದರ ಪಿಎಚ್ 6ರ ಹತ್ತಿರ ಏರಿದರೆ ಹೊಟ್ಟಿನ ಟ್ಯಾನಿನ್ ಕರಗಿ ಬರುತ್ತದೆ. ಕಹಿಗೂ ಒಗರಿಗೂ ಇರುವ ಭೇದ ಕನ್ನಡದ ನಾಲಿಗೆಗೆ ಹೇಳಿಕೊಡಬೇಕಿಲ್ಲ. ಆದರೂ ತೀರ್ಪಿನ ಹಾಳೆಯಲ್ಲಿ ಎರಡನ್ನೂ "ಕಹಿ ಜಾಸ್ತಿ" ಎಂದೇ ಬರೆಯುವವರಿದ್ದಾರೆ. ಅದನ್ನು ನಂಬಿ ಬ್ರೂವರ್ ಹಾಪ್ಸ್ ಕಡಿಮೆ ಮಾಡುತ್ತಾನೆ, ಒಗರು ಇದ್ದಲ್ಲೇ ಇರುತ್ತದೆ.

ಬೆಣ್ಣೆ ವಾಸನೆಯ ವಿಷಯಕ್ಕೆ ಬರೋಣ. ಯೀಸ್ಟ್ ಬೆಳೆಯುವಾಗ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ವಾಸನೆಯಿಲ್ಲದ ವಸ್ತುವನ್ನು ಹೊರಗೆ ಬಿಡುತ್ತದೆ. ಅದು ಬಿಯರಿನಲ್ಲಿ ತನ್ನಷ್ಟಕ್ಕೆ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಯೀಸ್ಟ್ ಇನ್ನೂ ಚುರುಕಾಗಿದ್ದರೆ ಅದನ್ನು ಮತ್ತೆ ಒಳಗೆಳೆದುಕೊಂಡು ವಾಸನೆ ಅಳಿಸುತ್ತದೆ. ಅವಸರಪಟ್ಟು ಬಿಯರನ್ನು ತಣ್ಣಗೆ ಮಾಡಿ ಯೀಸ್ಟ್ ಬೇರ್ಪಡಿಸಿದರೆ ಆ ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ, ಬಾಟಲಿ ಸೇರಿದ ಕೆಲವು ವಾರಕ್ಕೆ ಬೆಣ್ಣೆ ಬಿಡುಗಡೆಯಾಗುತ್ತದೆ. ಇದನ್ನು ಮೊದಲೇ ಹಿಡಿಯುವ ಉಪಾಯ ಅಗ್ಗದ್ದು. ಹುದುಗು ತೊಟ್ಟಿಯಿಂದ ನೂರು ನೂರು ಮಿಲಿಲೀಟರ್ ಎರಡು ಮುಚ್ಚಳದ ಜಾಡಿಗಳಿಗೆ ಹಿಡಿದು, ಒಂದನ್ನು ತಂಪಿನಲ್ಲಿಟ್ಟು, ಇನ್ನೊಂದನ್ನು 60–70 ಡಿಗ್ರಿಯ ನೀರಿನಲ್ಲಿ 20 ನಿಮಿಷ ಕೂರಿಸಬೇಕು. ಬಳಿಕ ಎರಡನ್ನೂ ಒಂದೇ ತಾಪಕ್ಕೆ ತಂದು, ಮುಚ್ಚಳ ತೆಗೆದ ಕೂಡಲೇ ಮೂಸಬೇಕು. ಎರಡೂ ಸ್ವಚ್ಛವಿದ್ದರೆ ಬಿಯರ್ ತಣ್ಣಗೆ ಮಾಡಲು ಸಿದ್ಧ. ಬಿಸಿಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಸರಕು ಇನ್ನೂ ಒಳಗೆ ಅಡಗಿದೆ. ಯೀಸ್ಟಿನ ಮೇಲೆಯೇ 20 ಡಿಗ್ರಿಯಲ್ಲಿ ಇನ್ನೆರಡು ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಈ ವಾಸನೆ ಕೆಲವರ ಮೂಗಿಗೆ ಹತ್ತುವುದೇ ಇಲ್ಲವಾದ್ದರಿಂದ ಒಬ್ಬರೇ ಮೂಸಿ ತೀರ್ಮಾನಿಸಬಾರದು.

ಆರಂಭದಲ್ಲಿ ಹೇಳಿದ ಜೋಳದ ವಾಸನೆ ಡೈಮೀಥೈಲ್ ಸಲ್ಫೈಡ್‌ನದು. ತಿಳಿಬಣ್ಣದ ಪಿಲ್ಸ್‌ನರ್ ಮಾಲ್ಟಿನಲ್ಲಿ ಇದರ ಮೂಲವಸ್ತು ಜಾಸ್ತಿ. ಬಿಸಿಗೆ ಆ ಮೂಲವಸ್ತು ಒಡೆದು ಸಲ್ಫೈಡ್ ಆಗುತ್ತಲೇ ಇರುತ್ತದೆ. ಈ ಸಲ್ಫೈಡ್ ಕುದಿಯುವುದು 37 ಡಿಗ್ರಿಗೆ, ಹಾಗಾಗಿ ಮುಚ್ಚಳ ತೆಗೆದು 60–90 ನಿಮಿಷ ಜೋರಾಗಿ ಕುದಿಸಿದರೆ ಆವಿಯೊಂದಿಗೆ ಹೋಗಿಬಿಡುತ್ತದೆ. ಮುಚ್ಚಳ ಹಾಕಿದರೆ ಹನಿಯಾಗಿ ಮರಳಿ ಬೀಳುತ್ತದೆ. ಕುದಿ ನಿಲ್ಲಿಸಿ ಗಂಟೆಗಟ್ಟಲೆ ಬಿಸಿಯಲ್ಲೇ ಬಿಟ್ಟರೂ ತಪ್ಪೇ: ಒಡೆಯುವುದು ನಿಲ್ಲುವುದಿಲ್ಲ, ಆವಿ ಮಾತ್ರ ನಿಂತಿರುತ್ತದೆ.

ಉಳಿದವು ಬೇಗ ಹೇಳಿ ಮುಗಿಸುವಂಥವು. ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್, ಬಲಿಯದ ಬಿಯರ್. ಬಾಳೆಹಣ್ಣು ಎದ್ದು ಬಂದರೆ ಹುದುಗುವಾಗ ತಾಪ ಏರಿದೆ. ಒದ್ದೆ ರಟ್ಟಿನ ರುಚಿ ಆಮ್ಲಜನಕ ಸೇರಿ ಹಳತಾದ ಗುರುತು. ಸ್ಕಂಕ್ ಎಂಬ ಪ್ರಾಣಿಯ ನಾತ ಬಂದರೆ ಬೆಳಕು ಬಿದ್ದಿದೆ; ಬಿಯರಿನಲ್ಲೇ ಇರುವ ರೈಬೊಫ್ಲಾವಿನ್ ಬೆಳಕು ಹೀರಿ ಹಾಪ್ಸ್ ಕಹಿಯನ್ನು ಒಡೆಯುತ್ತದೆ. ಬಿಸಿಲಿನಲ್ಲಿಟ್ಟ ಗ್ಲಾಸಿಗೆ ಕೆಲವೇ ನಿಮಿಷ ಸಾಕು, ಆದ್ದರಿಂದ ಬಯಲಿನಲ್ಲಿ ಕೂತು ತೀರ್ಪು ಕೊಡುವುದು ಬಿಯರಿಗೆ ಅನ್ಯಾಯ.

ಬಿಜೆಸಿಪಿ ಹಾಳೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯೊಳಗಿನ ಅನುಭವಕ್ಕೆ 5, ಒಟ್ಟಂದಕ್ಕೆ 10. ಬ್ಲಾಂಡ್ ಏಲ್‌ಗೆ ಕೈಬಿಗಿಯುವುದು ಇಲ್ಲೇ. ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದು ರುಚಿಗೆ 13 ಹಾಕುವವರು, ಕಳೆದ 7 ಅಂಕ ಯಾವ ದೋಷಕ್ಕೆ ಎಂದು ಪಕ್ಕದಲ್ಲಿ ಬರೆಯಲು ಕೂತರೆ ಪೆನ್ನು ನಿಂತುಬಿಡುತ್ತದೆ. ದೋಷದ ಹೆಸರು ಸಿಗದಿದ್ದರೆ ಅಂಕ ವಾಪಸ್ ಕೊಡಬೇಕು. ಆದರೆ ನಿಜವಾಗಿಯೂ ಸಪ್ಪೆಯಾದ ಬಿಯರ್ ಇದೆ, ಅದಕ್ಕೂ ಹೆಸರಿದೆ: ಬ್ರೆಡ್ಡಿನ ಮಾಲ್ಟ್ ರುಚಿ ನುಂಗುವ ಮುಂಚೆಯೇ ಮಾಯವಾಗಿ ಸೋಡಾ ನೀರು ಉಳಿದರೆ ಧಾನ್ಯ ಸಾಲದು, ಅಂಕ ಕಳೆಯಲಿ. ಹಲವು ಬಿಯರುಗಳ ರುಚಿ ನೋಡುವ ಸರದಿಯಲ್ಲಿ ಬ್ಲಾಂಡ್ ಏಲ್‌ಗೆ ಮೊದಲ ಜಾಗ; ಐಪಿಎ ಆದ ಮೇಲೆ ಕುಡಿದರೆ ಎಂಥ ಬ್ಲಾಂಡ್ ಏಲ್ ಆದರೂ ನೀರೇ. ನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡು.

ಹಾಪ್ಸ್ ಬದಲಿಸಿದ್ದಕ್ಕೆ ಬಿಯರ್ ಬದಲಾಯಿತೇ ಎಂಬ ಅನುಮಾನ ಬಂದರೆ ವಾದ ಬೇಡ, ಮೂರು ಗ್ಲಾಸು ಸಾಕು. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಒಂದೇ ತಾಪ, ಒಂದೇ ಮಟ್ಟ, ಬಣ್ಣ ಕಾಣದ ಗ್ಲಾಸು, ಜಾಗ ಅದಲುಬದಲು. ಬೇರೆಯದು ಯಾವುದು ಎಂಬುದೊಂದೇ ಪ್ರಶ್ನೆ. ಯಾವುದು ಚೆನ್ನಾಗಿದೆ ಎಂದು ಕೇಳಬಾರದು. ಕುರುಡು ಊಹೆಗೂ ಮೂರರಲ್ಲಿ ಒಂದು ಸರಿಯಾಗುವುದರಿಂದ 12 ಜನರಲ್ಲಿ ನಾಲ್ವರು ಸರಿ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಕನಿಷ್ಠ 8 ಜನ ಬೇಕು. ಏಳು ಬಂದರೆ ಇನ್ನಷ್ಟು ಜನರನ್ನು ಕೂರಿಸಿ ಮೊದಲಿಂದ ಮಾಡಬೇಕು.