ಮತಂಗ ಬೆಟ್ಟದ ನೇರಕ್ಕೆ ಒಂದು ಗುಡಿ

ಹಂಪಿಯ ಮಾತು ಬಂದರೆ ಸಾಕು, "ಇಡೀ ಊರನ್ನೇ ವಾಸ್ತು ಪ್ರಕಾರ ಕಟ್ಟಿದ್ರು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ವಾಸ್ತು ಪುಸ್ತಕದ ಚೌಕಾಕಾರದ ಊರು ಅಲ್ಲಿ ಎಲ್ಲಿದೆ? ಕೋಟೆಗೋಡೆ ಬಂಡೆ ಕಂಡಲ್ಲಿ ಹತ್ತುತ್ತದೆ, ಹಳ್ಳ ಬಂದಲ್ಲಿ ಇಳಿಯುತ್ತದೆ. ಆದರೆ ಲೆಕ್ಕವೇ ಇಲ್ಲ ಅಂತಲ್ಲ. ಬೇರೆ ಲೆಕ್ಕ ಇದೆ.

ಅರಮನೆ ಪ್ರದೇಶದ ನಟ್ಟನಡುವೆ ಹಜಾರರಾಮ ಗುಡಿ ಇದೆ. 15ನೇ ಶತಮಾನದ ಆರಂಭದ್ದು, ವಿಜಯನಗರದ ಅರಸ ಒಂದನೇ ದೇವರಾಯನ ಕಾಲದ್ದು. ಅದರ ನೇರ ಉತ್ತರಕ್ಕೆ ಮತಂಗ ಬೆಟ್ಟ. ವಾಲಿಗೆ ಹೆದರಿ ಸುಗ್ರೀವ ಅಡಗಿದ್ದ ಬೆಟ್ಟ ಇದೇ ಎಂಬುದು ಅಲ್ಲಿಯ ನಂಬಿಕೆ. ಈಶಾನ್ಯಕ್ಕೆ, ಮಳೆಗಾಲ ಮುಗಿಯಲೆಂದು ರಾಮ ಕಾದು ಕೂತ ಮಾಲ್ಯವಂತ. 1980ರಿಂದ ವರ್ಷಗಟ್ಟಲೆ ಇಲ್ಲಿ ಅಳತೆ ಮಾಡಿದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಚೆಲ್ ಈ ಹೊಂದಿಕೆಯನ್ನು ಎತ್ತಿ ತೋರಿಸಿದರು. ಊರಿನ ಮುಖ್ಯ ದಾರಿಗಳು ಈ ಗುಡಿಯ ಮುಂದಿನ ಬಯಲಿಗೇ ಬಂದು ಸೇರುತ್ತವೆ.

ಇಷ್ಟು ನೇರ ಹೇಗೆ ಸಿಕ್ಕಿತು? ಇದರಲ್ಲಿ ಪವಾಡ ಏನೂ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಕೋಲು ನೆಡಿ. ಅದರ ಬುಡಕ್ಕೆ ಹಗ್ಗ ಕಟ್ಟಿ ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗಕ್ಕೆ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಜಾಗಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ಗೆರೆ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ–ದಕ್ಷಿಣ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲೇ ಇರುವ ಉಪಾಯ ಇದು. ಬೆಟ್ಟವನ್ನಂತೂ ಸರಿಸೋಕಾಗಲ್ಲ, ಅಲ್ವಾ? ಹಾಗಾಗಿ ಗುಡಿಯ ಜಾಗವನ್ನೇ ಸರಿಸಬೇಕು. ಉತ್ತರದ ಗೆರೆಯ ಮೇಲೆ ಬೆಟ್ಟದ ತುದಿ ಕೂರುವವರೆಗೆ ಪೂರ್ವಕ್ಕೋ ಪಶ್ಚಿಮಕ್ಕೋ ನಡೆಯುತ್ತಾ ಹೋದರೆ ಜಾಗ ಸಿಕ್ಕಿತು. ಕಣ್ಣು, ಕೋಲು, ಹಗ್ಗ, ಬಿಸಿಲು ಇದ್ದರೆ ಆಯಿತು.

ಹೇಗೆ ಎನ್ನುವುದಕ್ಕಿಂತ ಯಾಕೆ ಎನ್ನುವುದು ದೊಡ್ಡ ಪ್ರಶ್ನೆ. ಉತ್ತರ ಗುಡಿಯ ಗೋಡೆಗಳ ಮೇಲೇ ಇದೆ. ಪ್ರಾಕಾರದ, ಅಂದರೆ ಸುತ್ತುಗೋಡೆಯ, ಹೊರಮುಖ ನೋಡಿ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಆಮೇಲೆ ಸೈನಿಕರು, ಇನ್ನೂ ಮೇಲೆ ನರ್ತಕಿಯರು. ಅದು ರಾಜನ ಮಹಾನವಮಿ ಮೆರವಣಿಗೆಯ ವೈಭವ. ಒಳಗೆ ಹೋದರೆ ಗುಡಿಯ ಗೋಡೆ ತುಂಬಾ ರಾಮಾಯಣ. ಅಂದರೆ ಒಂದೇ ಪ್ರಾಕಾರದ ಹೊರಗೆ ರಾಜ, ಒಳಗೆ ರಾಮ. ಅರಮನೆ ಪ್ರದೇಶವನ್ನು ಬಳಸಿ ಸಾಗುವ ದಾರಿಗಳೂ ಇವೆ. ಅವುಗಳಲ್ಲಿ ನಡೆದವರು ಗುಡಿಗೂ ಸುತ್ತು ಬಂದಂತೆ, ಅರಸನಿಗೂ ಸುತ್ತು ಬಂದಂತೆ. ಪ್ರಜೆಗಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಕಾಲೇ ಕಲಿಸುತ್ತಿತ್ತು.

ವಿಜಯನಗರವನ್ನು ಮೊದಲು ಆಳಿದ ಸಂಗಮ ವಂಶದ ದೊರೆಗಳು ತಮ್ಮ ತಾಮ್ರಶಾಸನಗಳ ಕೊನೆಗೆ ಸ್ವಂತ ಹೆಸರು ಹಾಕದೆ, ಕನ್ನಡ ಅಕ್ಷರಗಳಲ್ಲಿ "ಶ್ರೀ ವಿರೂಪಾಕ್ಷ" ಎಂದೇ ರುಜು ಹಾಕುತ್ತಿದ್ದರು. ರಾಜ್ಯ ದೇವರದ್ದು, ತಾವು ಬರೀ ನೋಡಿಕೊಳ್ಳುವವರು ಎಂಬ ಲೆಕ್ಕ. ಆದರೂ ಆ ದೇವರ ಗುಡಿ ಹೊಳೆಯ ದಂಡೆಯಲ್ಲಿ, ಅರಮನೆ ದೂರದಲ್ಲಿ. ನಡುವಿನ ಕಣಿವೆಯಲ್ಲಿ ಕಾಲುವೆ, ಗದ್ದೆ. ವಿರೂಪಾಕ್ಷ 1336ಕ್ಕಿಂತ, ಅಂದರೆ ವಿಜಯನಗರ ರಾಜ್ಯ ಹುಟ್ಟುವುದಕ್ಕಿಂತ, ಮೊದಲೇ ಅಲ್ಲಿದ್ದವನು. ಅವನನ್ನು ಅರಮನೆಯೊಳಗೆ ತರಲು ಬರುವುದಿಲ್ಲ. ಅದಕ್ಕೇ ಅರಮನೆಯ ನಡುವೆ ರಾಜರು ತಮ್ಮದೇ ಒಂದು ಗುಡಿ ಕಟ್ಟಿಕೊಂಡರು ಎಂದು ನನಗನ್ನಿಸುತ್ತದೆ.

1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ಅರಮನೆ ಪಾಳುಬಿತ್ತು. ಹಜಾರರಾಮ ಗುಡಿಯಲ್ಲಿ ಇವತ್ತು ಪೂಜೆಯಿಲ್ಲ. ವಿರೂಪಾಕ್ಷನ ತೇರನ್ನು ಮಾತ್ರ ಜನ ಈಗಲೂ ವರ್ಷಾವರ್ಷ ಎಳೆಯುತ್ತಾರೆ.