ಆನ್‌ಜಸ್ ಒಪ್ಪಂದದಲ್ಲಿ ಇಲ್ಲದ ಒಂದು ಸಾಲು

ಒಪ್ಪಂದ ಓದುವಾಗ ಮೊದಲು ಕ್ರಿಯಾಪದ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ‘ಕಾಪಾಡುತ್ತೇವೆ’ ಅಂತ ಇದೆಯೋ, ಸುಮ್ನೆ ‘ಕೂತು ಮಾತಾಡೋಣ’ ಅಂತಲೋ? ಇದಕ್ಕೆ ನಾನು ಕೊಡುವ ಉದಾಹರಣೆ ಆಸ್ಟ್ರೇಲಿಯಾ ಮತ್ತು ಅಮೆರಿಕದ ನಂಟು, ಅದನ್ನು ಬರೆದಿಟ್ಟ ಆನ್‌ಜಸ್ ಎಂಬ ಭದ್ರತಾ ಒಪ್ಪಂದ.

ಎರಡರ ನಡುವೆ ಇಡೀ ಪೆಸಿಫಿಕ್ ಸಾಗರ. ಹತ್ತಿರ ತಂದದ್ದು ಭಯ. 1941ರ ಡಿಸೆಂಬರ್ 27ರಂದು ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಕರ್ಟಿನ್, ಇನ್ನು ನಮ್ಮ ಕಣ್ಣು ಅಮೆರಿಕದ ಕಡೆ ಎಂದು ಪತ್ರಿಕೆಯಲ್ಲಿ ಬರೆದರು. ಬ್ರಿಟನ್ ಮೇಲಿನ ನೆಚ್ಚಿಕೆ ಕುಸಿಯುತ್ತಿತ್ತು. ಏಳು ವಾರದಲ್ಲಿ ಬ್ರಿಟನ್ನಿನ ನೆಲೆಯಾಗಿದ್ದ ಸಿಂಗಾಪುರ ಜಪಾನ್ ಪಾಲಾಯಿತು. ಮತ್ತೆ ನಾಲ್ಕು ದಿನಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಮೇಲೆ ಬಾಂಬ್ ಬಿದ್ದವು.

ಯುದ್ಧ ಮುಗಿದ ಮೇಲೆ ರಕ್ಷಣೆಯ ಮಾತು ಬರೆದು ಕೊಡುವ ಆತುರ ಅಮೆರಿಕಕ್ಕೆ ಇರಲಿಲ್ಲ. ಆದರೆ ಜಪಾನ್ ಜೊತೆ ಮೆತ್ತಗಿನ ಶಾಂತಿ ಒಪ್ಪಂದ ಬೇಕಿತ್ತು. ಆಸ್ಟ್ರೇಲಿಯಾದ ವಿದೇಶಾಂಗ ಸಚಿವ ಪರ್ಸಿ ಸ್ಪೆಂಡರ್ ಅಲ್ಲೇ ಪಟ್ಟು ಹಿಡಿದರು: ನಾವು ಅದಕ್ಕೆ ಒಪ್ಪಬೇಕಾದರೆ ನಮಗೆ ಭದ್ರತೆಯ ಮಾತು ಕೊಡಿ. ಒಳ್ಳೆ ಚೌಕಾಸಿ, ಅಲ್ವಾ? 1951ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನ್ಯೂಜಿಲೆಂಡನ್ನೂ ಸೇರಿಸಿಕೊಂಡು ಆನ್‌ಜಸ್‌ಗೆ ಸಹಿಯಾಯಿತು. ವಾರ ಕಳೆದು ಅದೇ ಊರಲ್ಲಿ ಜಪಾನ್ ಒಪ್ಪಂದ.

ಈಗ ಕ್ರಿಯಾಪದಕ್ಕೆ ಬರೋಣ. 3ನೇ ವಿಧಿ: ಬೆದರಿಕೆ ಕಂಡರೆ ಸಮಾಲೋಚಿಸುತ್ತೇವೆ. 4ನೇ ವಿಧಿ: ಪೆಸಿಫಿಕ್‌ನಲ್ಲಿ ದಾಳಿಯಾದರೆ ತಂತಮ್ಮ ಸಂವಿಧಾನದ ಕ್ರಮದಂತೆ ಅಪಾಯವನ್ನು ಎದುರಿಸುತ್ತೇವೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬ, 1949ರ ನ್ಯಾಟೋ ಸಾಲು ಇಲ್ಲಿಲ್ಲ. ಇದೆ ಅಂತ ನಂಬಿದವರೇ ಜಾಸ್ತಿ.

ಇಲ್ಲದ ಸಾಲಿನ ಜಾಗ ತುಂಬಿದ್ದು ನೆಲ. 1966ರಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಊರಿನ ಹತ್ತಿರ, ಎರಡೂ ದೇಶ ಸೇರಿ ನಡೆಸುವ ಪೈನ್ ಗ್ಯಾಪ್ ನೆಲೆಗೆ ಒಪ್ಪಿಗೆಯಾಯಿತು. ಜನಕ್ಕೆ ಹೇಳಿದ್ದು ಬಾಹ್ಯಾಕಾಶ ಸಂಶೋಧನೆ ಎಂದು. ಕೆಲಸ ಬೇಹು ಉಪಗ್ರಹಗಳದ್ದು. ಖಂಡದ ನಟ್ಟನಡುವೆ ಇದ್ದರೆ, ದೂರದ ಸಮುದ್ರದಲ್ಲಿ ನಿಂತ ಹಡಗಿಗೆ ಅದರ ಸಂಕೇತ ಕದಿಯುವುದು ಕಷ್ಟ. ನನ್ನ ಪ್ರಕಾರ ನಂಟನ್ನು ಹಿಡಿದಿಟ್ಟಿರುವುದು ಕಾಗದಕ್ಕಿಂತ ಇಂಥ ನೆಲೆಗಳೇ.

ಕಾಗದ ಕೆಲಸಕ್ಕೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 14ರಂದು, ಅಮೆರಿಕದ ಮೇಲೆ ಉಗ್ರರ ದಾಳಿಯಾದ ಮೂರು ದಿನಕ್ಕೆ. ಕಾಪಾಡಿ ಎಂದು ಕೇಳಲು ಹುಟ್ಟಿದ ಒಪ್ಪಂದವನ್ನು, ಅಮೆರಿಕದ ನೆರವಿಗೆಂದು ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಹೋವರ್ಡ್ ಬಳಸಿದರು! ಅಷ್ಟರಲ್ಲಿ ನ್ಯೂಜಿಲೆಂಡ್ ಪಕ್ಕಕ್ಕೆ ಸರಿದಿತ್ತು. ಅಣ್ವಸ್ತ್ರ ಹಡಗುಗಳನ್ನು ತನ್ನ ಬಂದರುಗಳ ಒಳಗೆ ಬಿಡುವುದಿಲ್ಲ ಎಂದಿದ್ದಕ್ಕೆ 1986ರಲ್ಲಿ ಅಮೆರಿಕ ಅದರ ಮಟ್ಟಿಗೆ ಹೊಣೆಯನ್ನು ಅಮಾನತಿನಲ್ಲಿಟ್ಟಿತು.

ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಸೇರಿ ಮಾಡಿಕೊಂಡ 2021ರ ಆಕಸ್ ಒಡಂಬಡಿಕೆಯಿಂದ ಅಣುಶಕ್ತಿಯ ಜಲಾಂತರ್ಗಾಮಿಗಳ ಮಾತು ಬಂದಿದೆ. ಅವನ್ನು ಆಸ್ಟ್ರೇಲಿಯಾಕ್ಕೆ ಮಾರಲು ಅನುಮತಿ ಕೊಡುವ ಅಮೆರಿಕದ 2023ರ ಕಾನೂನನ್ನೂ ಓದಿ ನೋಡಿ. ಇದರಿಂದ ಅಮೆರಿಕದ ಸಾಗರದಾಳದ ಬಲ ಕುಗ್ಗುವುದಿಲ್ಲ ಎಂದು ಅಲ್ಲಿನ ಅಧ್ಯಕ್ಷರು ಮೊದಲು ಪ್ರಮಾಣೀಕರಿಸಬೇಕು. ಕ್ರಿಯಾಪದ ‘ಮಾರಬಹುದು’, ಅಷ್ಟೇ.